ಶೇ 108 ಮಳೆ ಅಂತ ಹೆಡ್ಡಿಂಗ್ ಹಾಕಿದ್ರಿ, ಯಾರ ಹೊಲಕ್ಕೆ ಸರ್?

ಮಾನ್ಯ ಸಂಪಾದಕರೇ,

2025ರ ಮುಂಗಾರು ಮುಗೀತು, ದೇಶದಲ್ಲಿ ಶೇ 108 ಮಳೆ, ವಾಡಿಕೆಗಿಂತ ಜಾಸ್ತಿ, ರೈತರ ಮೊಗದಲ್ಲಿ ಮಂದಹಾಸ ಅಂತ ನಿಮ್ಮ ಪತ್ರಿಕೇಲೂ ಬಂತು, ಬೇರೆಯವರದ್ರಲ್ಲೂ ಬಂತು, ಟಿವಿಯವರಂತೂ ಬಂಪರ್ ಬಂಪರ್ ಅಂತ ಕೂಗಿದ್ದೇ ಕೂಗಿದ್ದು. ಸುದ್ದಿ ಸುಳ್ಳು ಅಂತ ನಾನು ಹೇಳ್ತಿಲ್ಲ. 87 ಸೆಂಟಿಮೀಟರ್ ಬರಬೇಕಾದ ಕಡೆ ಸುಮಾರು 94 ಸೆಂಟಿಮೀಟರ್ ಬಂದಿದೆ, ಹವಾಮಾನ ಇಲಾಖೆ ಲೆಕ್ಕ ಸರಿಯಾಗೇ ಇದೆ. ನನ್ನ ತಕರಾರು ಆ ಒಂದೇ ನಂಬರ್ ಮೇಲೆ ಇಡೀ ಸುದ್ದಿ ಕಟ್ಟೋದ್ರ ಬಗ್ಗೆ. ಅದೇ ಸೆಪ್ಟೆಂಬರ್ ಕೊನೇಲಿ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆ ತೊಗರಿ ಹೊಲಗಳು ಕೆರೆ ಆಗಿದ್ವು, ಆ ಫೋಟೋನೂ ನೀವೇ ಹಾಕಿದ್ರಿ. ಒಂದು ಪುಟದಲ್ಲಿ ಮಂದಹಾಸ, ಇನ್ನೊಂದು ಪುಟದಲ್ಲಿ ಸೊಂಟದವರೆಗೆ ನೀರಲ್ಲಿ ನಿಂತ ಮನುಷ್ಯ. ಎರಡಕ್ಕೂ ಸಂಬಂಧ ಏನು ಅಂತ ಒಂದು ಸಾಲೂ ಇರಲಿಲ್ಲ.

ಈ 108 ಎಲ್ಲಿಂದ ಬಂತು ನೋಡಿ. ವಾಯವ್ಯ ಭಾರತದಲ್ಲಿ ವಾಡಿಕೆಗಿಂತ ಶೇ 27 ಜಾಸ್ತಿ, ಪೂರ್ವ ಮತ್ತು ಈಶಾನ್ಯ ಭಾರತದಲ್ಲಿ ಶೇ 20 ಕಡಿಮೆ. ಅಂದ್ರೆ ಮರುಭೂಮಿ ಇರೋ ರಾಜಸ್ಥಾನದಲ್ಲಿ ಸುರಿದಿದೆ, ಮಳೆಗೇ ಹೆಸರಾದ ಮೇಘಾಲಯದ ಕಡೆ ಕೊರತೆ ಆಗಿದೆ. ಪಂಜಾಬಲ್ಲಿ ಇರೋ 23 ಜಿಲ್ಲೆಗೆ 23ನ್ನೂ ಪ್ರವಾಹಪೀಡಿತ ಅಂತ ಘೋಷಣೆ ಮಾಡಿದ್ರು, 1988ರ ಮೇಲೆ ಅಂಥ ನೆರೆ ಅವರು ಕಂಡಿರಲಿಲ್ಲ. ಇವನ್ನೆಲ್ಲ ಒಂದಕ್ಕೊಂದು ಕೂಡಿ ಕಳೆದು ಕೊನೆಗೆ ಉಳಿದಿದ್ದು ವಾಡಿಕೆಗಿಂತ ಶೇ 8 ಜಾಸ್ತಿ ಅಂತ. ಪಂಜಾಬಿನ ಭತ್ತ ಕೊಳೆಸಿದ ನೀರು ಅಸ್ಸಾಂ ಕಡೆಯ ಕೊರತೆಯನ್ನ ಕಾಗದದ ಮೇಲೆ ತುಂಬಿಸಿಕೊಡ್ತು, ಅಷ್ಟೇ.

2023 ಇನ್ನೂ ಚೆನ್ನಾಗಿದೆ. ಚೆನ್ನಾಗಿದೆ ಅಂದ್ರೆ ಉದಾಹರಣೆಗೆ ಚೆನ್ನಾಗಿದೆ, ನಮಗಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ಶೇ 96 ಮಳೆ ಅಂತ ಮುನ್ಸೂಚನೆ ಕೊಟ್ಟಿತ್ತು, ಐದು ಪರ್ಸೆಂಟ್ ಹಿಂದೆ ಮುಂದೆ ಆಗಬಹುದು ಅಂತಾನೂ ಹೇಳಿತ್ತು. ಸೀಸನ್ ಮುಗಿದಾಗ ಬಂದಿದ್ದು ಶೇ 94. ಲೆಕ್ಕದ ಪ್ರಕಾರ ಮುನ್ಸೂಚನೆ ಪಾಸ್. ಆದ್ರೆ ಒಳಗಡೆ ಏನಾಗಿತ್ತು ಅಂದ್ರೆ ಜೂನ್‌ನಲ್ಲಿ ಹೆಚ್ಚುಕಡಿಮೆ ಶೇ 9 ಕಮ್ಮಿ, ಜುಲೈನಲ್ಲಿ ಶೇ 13 ಜಾಸ್ತಿ, ಆಗಸ್ಟ್‌ನಲ್ಲಿ ಶೇ 36 ಕಮ್ಮಿ, ಸೆಪ್ಟೆಂಬರ್‌ನಲ್ಲಿ ಮತ್ತೆ ಶೇ 13 ಜಾಸ್ತಿ. 1901ರಿಂದ ದಾಖಲೆ ಇಟ್ಟಿದಾರಲ್ಲ, ಅಷ್ಟು ವರ್ಷದಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಮಘೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು ಅಂತ ನಮ್ಮ ಕಡೆ ಗಾದೆ ಇದೆ, ಆ ಮಘೆ ಬರೋದು ಆಗಸ್ಟ್ ಎರಡನೇ ಅರ್ಧದಲ್ಲಿ. ಶೇಂಗಾ ಹೂ ಬಿಟ್ಟು ಕಾಯಿ ಮಣ್ಣಿಗಿಳಿಯೋ ಹೊತ್ತು ಅದು, ಮೇಲ್ಮಣ್ಣು ಗಟ್ಟಿ ಆಗಿಬಿಟ್ರೆ ಅದು ಒಳಗೆ ಹೋಗಲ್ಲ, ಗಿಡ ನೋಡೋಕೆ ಹಸಿರಾಗಿದ್ರೂ ಕಿತ್ರೆ ಬುಡದಲ್ಲಿ ಎರಡು ಜೊಳ್ಳು ಕಾಯಿ. ಸೆಪ್ಟೆಂಬರ್‌ನಲ್ಲಿ ಬಂದ ಜಾಸ್ತಿ ಮಳೆ ಆ ಗಿಡಕ್ಕೆ ಏನು ಮಾಡಬೇಕು? ದನಕ್ಕೆ ಮೇವಾಯ್ತು. ದೇಶದ ಲೆಕ್ಕ ಶೇ 94ಕ್ಕೆ ಬಂದು ನಿಂತಾಗ ಕರ್ನಾಟಕದಲ್ಲಿ 236 ತಾಲೂಕಲ್ಲಿ 223 ತಾಲೂಕು ಬರ ಅಂತ ಸರ್ಕಾರವೇ ಘೋಷಣೆ ಮಾಡಿತ್ತು. ಮುಂದಿನ ಬೇಸಿಗೇಲಿ ಬೆಂಗಳೂರಿನವರು ಟ್ಯಾಂಕರ್ ಹಿಂದೆ ಕ್ಯೂ ನಿಂತ್ರು ನೋಡಿ, ಆಗ ಅದು ನ್ಯಾಷನಲ್ ನ್ಯೂಸ್ ಆಯ್ತು. ಪರಿಹಾರದ ಕತೆ ಗೊತ್ತೇ ಇದೆ, ರಾಜ್ಯ ಕೇಳಿದ್ದು 18,171 ಕೋಟಿ, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಸಿಕ್ಕಿದ್ದು 3,454 ಕೋಟಿ.

ಇನ್ನೂ ಹಿಂದಕ್ಕೆ ಹೋಗೋಣ, 2009. ಆ ವರ್ಷ ದೇಶಕ್ಕೆ ಶೇ 22ರಷ್ಟು ಮಳೆ ಕೊರತೆ, 1972ರ ನಂತರದ ಅತಿ ಕೆಟ್ಟ ಮುಂಗಾರು ಅಂತ ಎಲ್ಲರೂ ಬರೆದ್ರು. ಆ ಸೀಸನ್ನಿನ ಕೊನೇ ದಿನಗಳು ಮತ್ತು ಅಕ್ಟೋಬರ್ ಮೊದಲೆರಡು ದಿನದಲ್ಲೇ ರಾಯಚೂರು, ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಎಲ್ಲಾ ಕಡೆ ಮಣ್ಣಿನ ಮನೆಗಳು ಕರಗಿ ಬಿದ್ವು, ಆ ಕಡೆ ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. ಬರಗಾಲದ ವರ್ಷದಲ್ಲಿ ಮಹಾ ನೆರೆ. ಹತ್ತು ವರ್ಷ ಬಿಟ್ಟು 2019ರಲ್ಲಿ ಉಲ್ಟಾ, ಜೂನ್‌ನಲ್ಲಿ ಶೇ 33 ಕೊರತೆ ಅಂತ ಟ್ಯಾಂಕರ್ ಟೆಂಡರ್ ಬಗ್ಗೆ ಮಾತಾಡ್ತಿದ್ದವರು ಆಗಸ್ಟ್‌ನಲ್ಲಿ ಬೆಳಗಾವಿ ಕಡೆ ಬೋಟ್ ಹುಡುಕ್ತಿದ್ರು, ಸೀಸನ್ ಮುಗಿದಾಗ ದೇಶಕ್ಕೆ ಶೇ 110. ಯಾವ ವರ್ಷದ ಒಟ್ಟು ನಂಬರ್ ನೋಡಿ ನೀವು ಆ ವರ್ಷ ಹೆಂಗಿತ್ತು ಅಂತ ಹೇಳ್ತೀರಿ?

ಇಷ್ಟು ಹೇಳಿದ ಮೇಲೆ ಹವಾಮಾನ ಇಲಾಖೆಯವರನ್ನ ಬೈಯೋದು ಸುಲಭ, ನಾನು ಬೈಯಲ್ಲ. 1999ರಲ್ಲಿ ಒಡಿಶಾ ಸೂಪರ್ ಸೈಕ್ಲೋನ್‌ನಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ರು, 2019ರಲ್ಲಿ ಅಲ್ಲೇ ಫೋನಿ ಚಂಡಮಾರುತ ಬಂದಾಗ ಮೊದಲೇ ಗೊತ್ತಾಗಿ ಹತ್ತು ಲಕ್ಷಕ್ಕೂ ಮೇಲೆ ಜನರನ್ನ ಎಬ್ಬಿಸಿ ಕರ್ಕೊಂಡು ಹೋದ್ರು, ಸಾವು ನೂರರ ಒಳಗೇ ನಿಂತ್ವು. ಅದು ಸಣ್ಣ ಕೆಲಸ ಅಲ್ಲ. ಇಲಾಖೆಯ ವೆಬ್‌ಸೈಟಲ್ಲಿ ಜಿಲ್ಲಾವಾರು, ವಾರವಾರು ಮ್ಯಾಪ್ ಎಲ್ಲಾ ಇರ್ತವೆ, ನೋಡೋರು ಯಾರು ಅನ್ನೋದು ಪ್ರಶ್ನೆ. ನೀವು ಆರಿಸಿಕೊಳ್ಳೋದು ಆ ಒಂದೇ ಒಂದು ನಂಬರ್.

ಆ ಮ್ಯಾಪ್ ಓದೋದೂ ಅಷ್ಟು ಸಲೀಸಲ್ಲ ಬಿಡಿ. ಶೇ 19 ಕಮ್ಮಿ ಇರಲಿ, ಶೇ 19 ಜಾಸ್ತಿ ಇರಲಿ, ಎರಡಕ್ಕೂ ಹಸಿರು ಬಣ್ಣ, ಎರಡೂ ನಾರ್ಮಲ್. ಶೇ 20 ಮುಟ್ಟಿದ್ರೆ ಮಾತ್ರ ಬಣ್ಣ ಬದಲಾಗುತ್ತೆ. ದೇಶಾನ 36 ಹವಾಮಾನ ಉಪವಿಭಾಗ ಮಾಡಿದಾರೆ, ಕರ್ನಾಟಕಕ್ಕೆ ಮೂರು, ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಈ ದಕ್ಷಿಣ ಒಳನಾಡಲ್ಲಿ ಯಾರ್ಯಾರು ಇದೀವಿ ಗೊತ್ತಾ? ಆಗುಂಬೆ ಇರೋ ಶಿವಮೊಗ್ಗ, ಕೊಡಗು, ಚಿಕ್ಕಮಗಳೂರು, ಜೊತೆಗೆ ನಮ್ಮ ಚಿತ್ರದುರ್ಗ, ತುಮಕೂರು, ಕೋಲಾರ. ಆಗುಂಬೇಲಿ ವರ್ಷಕ್ಕೆ 700 ಸೆಂಟಿಮೀಟರ್ ಮೇಲೆ ಬೀಳುತ್ತೆ, ಚಳ್ಳಕೆರೆ ಕಡೆ 50 ದಾಟಿದ್ರೆ ಒಳ್ಳೇ ವರ್ಷ ಅಂತೀವಿ. ಇಬ್ಬರನ್ನೂ ಒಂದೇ ಬಣ್ಣದಲ್ಲಿ ತೋರಿಸಿ ದಕ್ಷಿಣ ಒಳನಾಡಿನಲ್ಲಿ ಉತ್ತಮ ಮಳೆ ಅಂತ ಬರೆದ್ರೆ ಪಾವಗಡದವನಿಗೆ ನಗು ಬರುತ್ತೆ. ಮಲೆನಾಡಲ್ಲಿ ಒಂದು ವಾರ ಬಿಡದೆ ಹೊಡೆದ್ರೆ ಸಾಕು, ನಮ್ಮ ಕೊರತೆ ಎಲ್ಲಾ ಲೆಕ್ಕದಲ್ಲಿ ಕೊಚ್ಕೊಂಡು ಹೋಗುತ್ತೆ.

ಇನ್ನೊಂದು ತಮಾಷೆ ಇದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಮುಂಗಾರಿನ ಲೆಕ್ಕ ಜೂನ್ 1ಕ್ಕೆ ಶುರು, ಸೆಪ್ಟೆಂಬರ್ 30ಕ್ಕೆ ಕ್ಲೋಸ್, ಮಳೆ ಯಾವಾಗ ಬಂದ್ರೂ ಅಷ್ಟೇ. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ಎಂಟು ದಿನ ಮುಂಚೆ, ಎರಡೇ ದಿನದಲ್ಲಿ ಮುಂಬೈ ಮುಟ್ಟಿತು. ಆ ಮೇ ತಿಂಗಳು 1901ರಿಂದ ಈಚೆಗೆ ಅತಿ ಹೆಚ್ಚು ಮಳೆ ಬಿದ್ದ ಮೇ. ಆದ್ರೆ ಆ ವಾರ ಬಿದ್ದ ಮುಂಗಾರು ಮಳೆ ಮುಂಗಾರಿನ ಖಾತೆಗೆ ಹೋಗಲ್ಲ, ಮುಂಗಾರು ಪೂರ್ವ ಅನ್ನೋ ಖಾತೆಗೆ ಹೋಗುತ್ತೆ. ಅಂದ್ರೆ ನೀವು ಹೆಡ್ಡಿಂಗ್ ಹಾಕಿದ 108ರಲ್ಲಿ ಅದು ಇಲ್ಲವೇ ಇಲ್ಲ. ಹಂಗೇ 2023ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ತೂತ್ತುಕುಡಿ ಜಿಲ್ಲೆ ಕಾಯಲ್‌ಪಟ್ಟಣಂನಲ್ಲಿ ಒಂದೇ ದಿನ ಸುಮಾರು 95 ಸೆಂಟಿಮೀಟರ್ ಸುರೀತು, ಆ ಕಡೆ ವರ್ಷಪೂರ್ತಿ ಬೀಳೋದಕ್ಕಿಂತ ಜಾಸ್ತಿ, ಅದು ಹಿಂಗಾರು ಖಾತೆ. ಬ್ಯಾಂಕಿನ ಹಣಕಾಸು ವರ್ಷ ಇದ್ದಂಗೆ ಇಲಾಖೆಗೆ ಒಂದು ತಾರೀಖು ಬೇಕು, ಒಪ್ತೀನಿ, ಆದ್ರೆ ಓದುಗನಿಗೆ ಅದನ್ನ ಹೇಳಬೇಕಲ್ವಾ.

ಮುಂಗಾರು ಪ್ರವೇಶದ ಸುದ್ದಿ ಬಗ್ಗೆನೂ ಒಂದು ಮಾತು. ಲಕ್ಷದ್ವೀಪದ ಮಿನಿಕಾಯ್, ತಿರುವನಂತಪುರದಿಂದ ಹಿಡಿದು ನಮ್ಮ ಮಂಗಳೂರವರೆಗೆ 14 ಕೇಂದ್ರ ಇಟ್ಕೊಂಡಿದಾರೆ, ಅದರಲ್ಲಿ ಶೇ 60 ಕೇಂದ್ರಗಳಲ್ಲಿ ಎರಡು ದಿನ ಸತತವಾಗಿ 2.5 ಮಿಲಿಮೀಟರ್ ಆದ್ರೂ ಬೀಳಬೇಕು, ಗಾಳಿ ಮತ್ತು ಮೋಡದ ಲೆಕ್ಕಾನೂ ಕೂಡಿ ಬರಬೇಕು, ಆಗ ಪ್ರವೇಶ ಅಂತ ಘೋಷಣೆ. ಬೇಗ ಬಂದ್ರೆ ಜಾಸ್ತಿ ಮಳೆ ಅಂತ ಎಲ್ಲೂ ಇಲ್ಲ. 2025ರಲ್ಲಿ ಅಷ್ಟು ಜೋರಾಗಿ ಓಡಿ ಬಂದ ಮುಂಗಾರು ಮೇ ಕೊನೆಗೆ ನಿಂತಲ್ಲೇ ನಿಂತು, ಮತ್ತೆ ಮುಂದೆ ಹೊರಟಿದ್ದು ಜೂನ್ ಮಧ್ಯಕ್ಕೆ. ಎಂಟು ದಿನ ಮೊದಲೇ ಬಂತು ಅನ್ನೋದು ಮುಖಪುಟ, ನಿಂತಿದೆ ಅನ್ನೋದು ಒಳಪುಟ. ನಮ್ಮ ಪಕ್ಕದೂರಲ್ಲಿ ಮುಖಪುಟ ಮಾತ್ರ ನೋಡಿ ಬಿತ್ತಿದವರು ಆಮೇಲೆ ಮತ್ತೆ ಬೀಜ ತಂದ್ರು.

ಯಾಕೆ ಹಿಂಗೆ ಆಗ್ತಿದೆ ಅನ್ನೋದಕ್ಕೆ ಒಂದೇ ಕಾರಣ ಹೇಳೋಕಾಗಲ್ಲ. 2023ರಲ್ಲಿ ಎಲ್ ನಿನೊ ಇತ್ತು, ಪೆಸಿಫಿಕ್ ಸಾಗರದ ಮಧ್ಯ ಮತ್ತು ಪೂರ್ವ ಭಾಗದ ನೀರು ಬಿಸಿ ಆದ್ರೆ ನಮ್ಮ ಕಡೆ ಮಳೆ ಎಳೆಯೋ ಗಾಳಿ ಸೊರಗುತ್ತೆ. ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ, ಅಂದ್ರೆ ಮಳೆ ಮೋಡ ಕಟ್ಟೋ ಸಾಲು, ಹಿಮಾಲಯದ ಬುಡಕ್ಕೆ ಸರಿದು ಕೂತ್ರೆ ಅಲ್ಲಿ ಗುಡ್ಡ ಜರಿಯೋವಷ್ಟು ಮಳೆ, ನಡು ದೇಶಕ್ಕೆ ಬರೀ ಬಿಸಿಲು. ಇದೆಲ್ಲಾ ಹಳೇದು, ನಮ್ಮ ಅಜ್ಜಂದಿರ ಕಾಲದಲ್ಲೂ ಇತ್ತು. ಹೊಸದೇನಂದ್ರೆ ಗಾಳಿ ಒಂದು ಡಿಗ್ರಿ ಬಿಸಿ ಆದ್ರೆ ಅದು ಸುಮಾರು ಶೇ 7ರಷ್ಟು ಜಾಸ್ತಿ ತೇವ ಹಿಡ್ಕೊಳುತ್ತೆ, ಅರಬ್ಬಿ ಸಮುದ್ರಾನೂ ಬಿಸಿ ಆಗ್ತಾ ಇದೆ. ಹಿಡ್ಕೊಂಡಿದ್ದನ್ನ ಹದವಾಗಿ ಬಿಡಲ್ಲ, ಎಲ್ಲಿ ಬಿಡುತ್ತೋ ಅಲ್ಲಿ ಒಟ್ಟಿಗೆ ಸುರಿಯುತ್ತೆ. ಮಧ್ಯ ಭಾರತದಲ್ಲಿ ವಿಪರೀತ ಮಳೆಯ ಘಟನೆಗಳು 1950ರಿಂದ 2015ರೊಳಗೆ ಮೂರು ಪಟ್ಟು ಹೆಚ್ಚಿವೆ ಅಂತ ನಮ್ಮ ದೇಶದ ವಿಜ್ಞಾನಿಗಳೇ 2017ರಲ್ಲಿ ಲೆಕ್ಕ ಹಾಕಿ ತೋರಿಸಿದಾರೆ. ಒಟ್ಟು ಮಳೆ ಅಷ್ಟಷ್ಟೇ ಇದ್ರೂ ಮಳೆ ಬೀಳೋ ದಿನಗಳು ಕಡಿಮೆ, ಬಿದ್ದ ದಿನ ಸುರಿಯೋದು ಜಾಸ್ತಿ. ಬೆಂಗಳೂರನ್ನೇ ತಗೊಳ್ಳಿ, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ಸುಟ್ಟು, ಜೂನ್ 2ಕ್ಕೆ ಒಂದೇ ದಿನ 111 ಮಿಲಿಮೀಟರ್ ಸುರೀತು, ಹೆಚ್ಚುಕಡಿಮೆ ಜೂನ್ ತಿಂಗಳು ಪೂರ್ತಿ ಬರಬೇಕಾದ್ದು. 133 ವರ್ಷದ ಜೂನ್ ದಾಖಲೆ ಮುರೀತು. ಉಳಿದ 29 ದಿನ ಒಂದು ಹನಿ ಬೀಳದಿದ್ರೂ ಆ ಜೂನ್ ನಾರ್ಮಲ್ ಅಂತಲೇ ಬರೀತಿದ್ರು ತಾನೇ?

ಎಷ್ಟು ಸಣ್ಣ ಜಾಗದಲ್ಲಿ ಎಷ್ಟು ವ್ಯತ್ಯಾಸ ಆಗುತ್ತೆ ಅನ್ನೋದಕ್ಕೆ ಮುಂಬೈನ 2005ರ ಜುಲೈ 26 ಸಾಕು. ಸಾಂತಾಕ್ರೂಜ್‌ನಲ್ಲಿ 94 ಸೆಂಟಿಮೀಟರ್, ಅದೇ ಊರಿನ ಕೊಲಾಬಾದಲ್ಲಿ 7 ಚಿಲ್ಲರೆ. ಕೊಲಾಬಾ ಮಾಪಕ ಒಂದೇ ಇದ್ದಿದ್ರೆ ಮುಂಬೈನಲ್ಲಿ ಆವತ್ತು ಒಳ್ಳೇ ಮಳೆ ಆಯ್ತು ಅಂತ ಚರಿತ್ರೆ ಬರೀತಿದ್ವಿ.

ಮಾಪಕದ ಮಾತು ಬಂತಲ್ಲ, ಅದಕ್ಕೇ ಈ ಪತ್ರ ಇಷ್ಟು ಉದ್ದ ಆಗ್ತಿರೋದು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿಗೊಂದು ಮಳೆಮಾಪಕ ಇಟ್ಟು ಹದಿನೈದು ನಿಮಿಷಕ್ಕೊಮ್ಮೆ ಡೇಟಾ ಬೆಂಗಳೂರಿಗೆ ಹೋಗೋ ವ್ಯವಸ್ಥೆ ಇದೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು, ದೇಶದಲ್ಲಿ ಬಹಳ ಕಡೆ ಇಷ್ಟು ಹತ್ತಿರ ಹತ್ತಿರ ಮಾಪಕ ಇಲ್ಲ, ಹೆಮ್ಮೆ ಪಡೋ ವಿಷಯ. ಮೇಲೊಂದು ಕೊಳವೆ ಬಾಯಿ, ಒಳಗೆ ಸಣ್ಣ ಎರಡು ತೊಟ್ಟಿ, ಒಂದು ತುಂಬಿದ ತಕ್ಷಣ ಅದು ಬಗ್ಗಿ ಸುರಿದು ಇನ್ನೊಂದು ಮೇಲೆ ಬರುತ್ತೆ, ಒಂದೊಂದು ಸಲ ಬಗ್ಗಿದಾಗಲೂ ಒಂದು ಲೆಕ್ಕ. ಚೊಕ್ಕ ಯಂತ್ರ. ಆದ್ರೆ ನಮ್ಮ ಕಡೆ ಒಂದು ಪಂಚಾಯ್ತಿ ಆಫೀಸ್ ಮೇಲಿರೋದನ್ನ ಹತ್ತಿ ನೋಡಿದೆ, ಬಾಯಿ ತುಂಬಾ ಬೇವಿನೆಲೆ, ಕೆಳಗೆ ಕಣಜ ಮಣ್ಣಲ್ಲಿ ಗೂಡು ಕಟ್ಟಿದೆ, ನೀರು ತೊಟ್ಟಿಗೆ ಇಳಿಯೋ ಸಂದಿನೇ ಬಂದ್. ಪಕ್ಕದಲ್ಲೇ ಬೆಳೆದ ಗಿಡ ಅರ್ಧ ಆಕಾಶ ಮುಚ್ಚಿದೆ. ಯಾರನ್ನ ಕೇಳಿದ್ರೂ ಅದು ನಮ್ಮದಲ್ಲ ಅಂತಾರೆ, ಪಂಚಾಯ್ತಿಯವರದ್ದೂ ಅಲ್ಲ, ಕೃಷಿ ಇಲಾಖೆಯವರದ್ದೂ ಅಲ್ಲ, ಟೆಂಡರ್ ತಗೊಂಡವರು ಬರ್ತಾರೆ ಅಂತಾರೆ. ಆ ಮಾಪಕ ಸೊನ್ನೆ ಅಂತ ಕಳಿಸಿದ್ರೆ ಆ ಊರಿಗೆ ಸೊನ್ನೆ. ಹವಾಮಾನ ಆಧಾರಿತ ಬೆಳೆ ವಿಮೆ ನಡೆಯೋದೇ ಇದರ ಮೇಲೆ, ಮಲೆನಾಡು ಕರಾವಳಿ ಕಡೆ ಅಡಿಕೆಯವರು ಮಾಪಕ ಕೆಟ್ಟು ವಿಮೆ ತಪ್ಪಿತು ಅಂತ ಗಲಾಟೆ ಮಾಡಿದ್ದು ನಿಮ್ಮ ಪತ್ರಿಕೇಲೇ ಓದಿದೀನಿ. ನಿಮ್ಮ ತಾಲೂಕು ವರದಿಗಾರರು ಯಾರಾದ್ರೂ ಒಂದು ಸಲ ಏಣಿ ಹಾಕಿ ಹತ್ತಿ ಫೋಟೋ ತೆಗೆದು ಹಾಕಲಿ, ಮುಂದಿನ ವಾರವೇ ಎಲ್ಲಾ ಕ್ಲೀನ್ ಆಗ್ತವೆ.

ಬಿಸಿಲಿನ ಸುದ್ದೀಲೂ ಇದೇ ಹಣೆಬರಹ. 2024ರ ಮೇ 29ಕ್ಕೆ ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ಅಂತ ದೇಶಕ್ಕೆ ದೇಶವೇ ಹೌಹಾರಿತು, 2016ರಲ್ಲಿ ರಾಜಸ್ಥಾನದ ಫಲೋದಿಯಲ್ಲಿ ಬಂದ 51 ಡಿಗ್ರಿ ದಾಖಲೆ ಮುರೀತು ಅಂತ ಎಲ್ಲರೂ ಕುಣಿದ್ರು, ಆಮೇಲೆ ನೋಡಿದ್ರೆ ಸೆನ್ಸರ್ ಮೂರು ಡಿಗ್ರಿ ಜಾಸ್ತಿ ತೋರಿಸ್ತಿತ್ತು. ಮೊದಲನೇದು ಕೆಂಪಕ್ಷರದಲ್ಲಿ ಬಂತು, ಎರಡನೇದು ಯಾವುದೋ ಮೂಲೇಲಿ ನಾಲ್ಕು ಸಾಲು. ಅದರ ಬದಲು ಆ ವರ್ಷ ಪೂರ್ತಿ ದೇಶದ ಸರಾಸರಿ ಉಷ್ಣಾಂಶ ವಾಡಿಕೆಗಿಂತ 0.65 ಡಿಗ್ರಿ ಜಾಸ್ತಿ ಇತ್ತು, 1901ರಿಂದ ಅತಿ ಬಿಸಿ ವರ್ಷ ಅದು, ಇದು ನಿಜವಾದ ಸುದ್ದಿ, ಆದ್ರೆ 0.65 ಅಂದ್ರೆ ಯಾರಿಗೂ ಬೆವರಲ್ಲ. ಇಲ್ಲಿ ಮಾತ್ರ ಸರಾಸರಿಗೆ ಬೆಲೆ ಕೊಡಬೇಕು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಮಳೆ ಊರಿಂದೂರಿಗೆ ಬೇರೆ, ಬಿಸಿ ಮಾತ್ರ ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ ದಿಕ್ಕಿಗೆ ಹೋಗ್ತಿದೆ. 2022ರ ಮಾರ್ಚ್ ದಾಖಲೆ ಬಿಸಿ ಇತ್ತು, ಪಂಜಾಬ್ ಹರಿಯಾಣದಲ್ಲಿ ಗೋಧಿ ಕಾಳು ಕಟ್ಟೋ ಹೊತ್ತಲ್ಲಿ ಸುಕ್ಕಾಯ್ತು, ಮೇ 13ಕ್ಕೆ ಸರ್ಕಾರ ಗೋಧಿ ರಫ್ತೇ ನಿಲ್ಲಿಸ್ತು. ಫೆಬ್ರವರಿ ಅಂತೂ 2023ರಲ್ಲಿ ದಾಖಲೆ, 2025ರಲ್ಲಿ ಮತ್ತೆ ದಾಖಲೆ. ನಮ್ಮ ಬಯಲುಸೀಮೇಲಿ 39.5 ಡಿಗ್ರಿ ಬಂದ್ರೆ ಅದು ಬಿಸಿಗಾಳಿ ಅಂತ ಲೆಕ್ಕಕ್ಕೇ ಬರಲ್ಲ, ರೂಲ್ ಪ್ರಕಾರ 40 ಮುಟ್ಟಬೇಕು, ವಾಡಿಕೆಗಿಂತ 4.5 ಜಾಸ್ತಿನೂ ಇರಬೇಕು. ಹೊಲದಲ್ಲಿ ಕಳೆ ತೆಗೆಯೋ ಹೆಣ್ಮಕ್ಕಳಿಗೆ ಆ ಅರ್ಧ ಡಿಗ್ರಿ ಯಾವ ಲೆಕ್ಕ.

ಈಗ ನಾನು ಕೇಳೋದು ಇಷ್ಟೇ. ದಿನಾ ಹಾಕ್ತೀರಲ್ಲ ಹವಾಮಾನದ ಬಾಕ್ಸು, ಬೆಂಗಳೂರು ಗರಿಷ್ಠ ಕನಿಷ್ಠ, ಮೈಸೂರು ಗರಿಷ್ಠ ಕನಿಷ್ಠ, ಸೂರ್ಯೋದಯ ಸೂರ್ಯಾಸ್ತ, ಅದನ್ನ ಸ್ವಲ್ಪ ಚಿಕ್ಕದು ಮಾಡಿ. ಸೂರ್ಯ ಹುಟ್ಟೋದು ನಮಗೆ ಕಾಣುತ್ತೆ. ಆ ಜಾಗದಲ್ಲಿ ಜಿಲ್ಲಾ ಆವೃತ್ತಿಗೆ ತಕ್ಕಂಗೆ ಹೋಬಳಿವಾರು ಕಳೆದ 24 ಗಂಟೆ ಮಳೆ ಹಾಕಿ, ಬೆಳಿಗ್ಗೆ ಎಂಟೂವರೆಯಿಂದ ಎಂಟೂವರೆವರೆಗೆ ಅಂತ ಕೆಳಗೆ ಬರೀರಿ, ಇಲ್ಲಾಂದ್ರೆ ನಿನ್ನೆ ಸಂಜೆ ಬಂದ ಮಳೆ ಇವತ್ತಿನ ತಾರೀಖಲ್ಲಿ ಯಾಕಿದೆ ಅಂತ ಜನ ಜಗಳಕ್ಕೆ ಬರ್ತಾರೆ. ಪಕ್ಕದಲ್ಲಿ ಇನ್ನೊಂದು ಕಾಲಂ, ಒಳ್ಳೇ ಮಳೆ ಬಂದು ಎಷ್ಟು ದಿನ ಆಯ್ತು ಅಂತ. ಇದೊಂದು ಇದ್ರೆ ಸಾಕು, 2023ರ ಆಗಸ್ಟ್‌ನಲ್ಲಿ ಈ ಕಾಲಂ ದಿನಾ ದಿನಾ ಏರ್ತಾ ಹೋಗಿದ್ರೆ ಬರ ಘೋಷಣೆಗೆ ಸೆಪ್ಟೆಂಬರ್ ಮಧ್ಯದವರೆಗೆ ಕಾಯ್ತಿದ್ರಾ? ಕೇಂದ್ರದ 2016ರ ಬರ ಕೈಪಿಡೀಲೂ ಮೂರ್ನಾಲ್ಕು ವಾರ ಸತತ ಒಣ ಹವೆ ಅನ್ನೋದು ಬರದ ಒಂದು ಮಾನದಂಡ, ಅದನ್ನ ಅಧಿಕಾರಿಗಳು ಮಾತ್ರ ಯಾಕೆ ಎಣಿಸಬೇಕು, ನಾವೂ ಎಣಿಸ್ತೀವಿ.

ಸೀಸನ್ ಕೊನೇಲಿ ದೇಶದ ಶೇಕಡಾ ಬರೆದೇ ಬರೀತೀರಿ, ಬರೀರಿ, ರಿಸರ್ವ್ ಬ್ಯಾಂಕಿನವರಿಗೆ, ಅಣೆಕಟ್ಟು ನೋಡ್ಕೊಳ್ಳೋರಿಗೆ, ರಸಗೊಬ್ಬರ ಕಂಪನಿಯವರಿಗೆ ಅದು ಬೇಕು. ಅದರ ಕೆಳಗೇ ತಿಂಗಳುವಾರು ನಾಲ್ಕು ನಂಬರ್, ಅತಿ ಜಾಸ್ತಿ ಮತ್ತು ಅತಿ ಕಡಿಮೆ ಬಿದ್ದ ಉಪವಿಭಾಗ ಯಾವುವು, ಒಂದೇ ದಿನದಲ್ಲಿ ಅತಿ ಹೆಚ್ಚು ಎಲ್ಲಿ ಬಿತ್ತು, ಇಷ್ಟು ಹಾಕೋಕೆ ನಾಲ್ಕು ಇಂಚು ಜಾಗ ಸಾಕು, ಆ ಮಂದಹಾಸದ ಫೋಟೋ ತೆಗೆದ್ರೆ ಸಿಗುತ್ತೆ.

ಅಕ್ಟೋಬರ್ 1ರಿಂದ ಹಿಂಗಾರಿನ ಹೊಸ ಖಾತೆ ಶುರುವಾಗಿದೆ. ಕಡಲೆ, ಬಿಳಿಜೋಳ ಬಿತ್ತೋರು ಹಸಿ ನೋಡ್ಕೊಂಡು ಕೂತಿದಾರೆ, ಕೆಲವು ಕಡೆ ಹೊಲದಲ್ಲಿ ಇನ್ನೂ ಕಾಲಿಡೋಕಾಗ್ತಿಲ್ಲ, ಕೆಲವು ಕಡೆ ಕುಂಟೆ ಹೊಡೆದ್ರೆ ಧೂಳು. ಡಿಸೆಂಬರ್ 31ಕ್ಕೆ ಹಿಂಗಾರು ಶೇ ಇಷ್ಟು ಅಂತ ಹೇಳೋವರೆಗೆ ಕಾಯಬೇಡಿ, ಈ ವಾರದಿಂದಲೇ ಶುರು ಮಾಡಿ ಸರ್, ಮೊದಲು ಒಂದು ಜಿಲ್ಲೆಯ ಆವೃತ್ತೀಲಾದ್ರೂ.

ಇಂತಿ,
ಒಬ್ಬ ಓದುಗ
ಚಳ್ಳಕೆರೆ ತಾಲೂಕು, ಚಿತ್ರದುರ್ಗ ಜಿಲ್ಲೆ